ಉಸ್ಮಾನಿಯಾ ವಿಶ್ವವಿದ್ಯಾಲಯ: ದೇಶಭಾಷೆಯಲ್ಲಿ ಉನ್ನತ ಶಿಕ್ಷಣದ ಒಂದು ಮಹಾಪ್ರಯೋಗ



"ಮಾತೃಭಾಷೆಯಲ್ಲಿ ಕಥೆ, ಕವಿತೆ ಓದಬಹುದು, ಡಾಕ್ಟರು, ಇಂಜಿನಿಯರು ಆಗಬೇಕಾದರೆ ಇಂಗ್ಲಿಷೇ ಗತಿ" ಎಂಬ ಮಾತನ್ನು ತಾವು ಎಷ್ಟೋ ಸಲ ಕೇಳಿರುತ್ತೀರಿ. ಮಗುವನ್ನು ಶಾಲೆಗೆ ಸೇರಿಸುವ ದಿನವೇ ನಮ್ಮ ಮನೆಗಳಲ್ಲಿ ಈ ಚರ್ಚೆ ಏಳುತ್ತದೆ. ಉರ್ದು ಮಾಧ್ಯಮವೋ, ಕನ್ನಡ ಮಾಧ್ಯಮವೋ, ಇಂಗ್ಲಿಷ್ ಮಾಧ್ಯಮವೋ ಎಂದು ತಂದೆ ಒಂದು ಹೇಳಿದರೆ ತಾಯಿ ಮತ್ತೊಂದು ಹೇಳುತ್ತಾರೆ. ಆದರೆ ನಮ್ಮ ರಾಜ್ಯದ ಗಡಿಯಾಚೆ, ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರದ ಹೈದರಾಬಾದಿನಲ್ಲಿ, ಸುಮಾರು ಮೂವತ್ತು ವರ್ಷಗಳ ಕಾಲ ಗಣಿತ, ಭೌತವಿಜ್ಞಾನ, ಕಾನೂನು, ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಶಿಕ್ಷಣವನ್ನು ಉರ್ದು ಭಾಷೆಯಲ್ಲೇ ನೀಡಿದ ಒಂದು ದೊಡ್ಡ ವಿಶ್ವವಿದ್ಯಾಲಯವಿತ್ತು ಎಂಬ ಸಂಗತಿ ನಮ್ಮ ಅನೇಕ ವಿದ್ಯಾರ್ಥಿಗಳಿಗೆ ತಿಳಿದಿಲ್ಲ. ಅದೇ ಉಸ್ಮಾನಿಯಾ ವಿಶ್ವವಿದ್ಯಾಲಯ.

ಈ ವಿಶ್ವವಿದ್ಯಾಲಯ ಇಂದಿಗೂ ಇದೆ. ನೂರು ವರ್ಷ ದಾಟಿ, ತೆಲಂಗಾಣದ ರಾಜಧಾನಿಯಲ್ಲಿ ಸಾವಿರಕ್ಕೂ ಮೀರಿದ ಎಕರೆಗಳ ಆವರಣದಲ್ಲಿ ನಿಂತಿದೆ. ಆದರೆ ಅದು ಯಾವ ಉದ್ದೇಶಕ್ಕಾಗಿ ಹುಟ್ಟಿತೋ ಆ ಉದ್ದೇಶ 1948ರ ನಂತರ ಮುಗಿದುಹೋಯಿತು. ಆ ಪ್ರಯೋಗ ಹೇಗೆ ಆರಂಭವಾಯಿತು, ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎಂಬುದನ್ನು ಅರಿತರೆ ನಮ್ಮ ಇಂದಿನ ಚರ್ಚೆಗೂ ಸ್ವಲ್ಪ ಬೆಳಕು ಸಿಗಬಹುದು.

ಹಿನ್ನೆಲೆ

ಉರ್ದುವಿನಲ್ಲಿ ವಿಜ್ಞಾನ ಬೋಧಿಸುವ ಯತ್ನ ಹೈದರಾಬಾದಿನಲ್ಲೇ ಮೊದಲಾದದ್ದಲ್ಲ. 19ನೇ ಶತಮಾನದ ಮೊದಲರ್ಧದಲ್ಲಿ ದೆಹಲಿ ಕಾಲೇಜಿನಲ್ಲಿ ಪಾಶ್ಚಾತ್ಯ ವಿಜ್ಞಾನದ ಪುಸ್ತಕಗಳನ್ನು ಉರ್ದುವಿಗೆ ತರುವ ಕೆಲಸ ನಡೆದಿತ್ತು. ಅಲ್ಲಿನ ಅಧ್ಯಾಪಕ ಮಾಸ್ಟರ್ ರಾಮಚಂದ್ರ ಅವರು ಉರ್ದುವಿನಲ್ಲಿ ಗಣಿತ ಮತ್ತು ವಿಜ್ಞಾನ ಕಲಿಸಿದವರು. ಅವರ ಗಣಿತ ಗ್ರಂಥವೊಂದನ್ನು 1859ರಲ್ಲಿ ಲಂಡನ್ನಿನಲ್ಲಿ ಮರುಮುದ್ರಿಸಲಾಯಿತು. ಆದರೆ 1857ರ ದಂಗೆಯಲ್ಲಿ ದೆಹಲಿ ಕಾಲೇಜು ನಾಶವಾಯಿತು. ನಂತರ ಸರ್ ಸಯ್ಯದ್ ಅಹ್ಮದ್ ಖಾನರು 1864ರಲ್ಲಿ ಸೈಂಟಿಫಿಕ್ ಸೊಸೈಟಿಯನ್ನು ಕಟ್ಟಿ ಇಂಗ್ಲಿಷ್ ಗ್ರಂಥಗಳ ಅನುವಾದಕ್ಕೆ ಕೈಹಾಕಿದರು. ಮುಂದೆ ಅವರು ಅಲೀಗಢದಲ್ಲಿ ಕಟ್ಟಿದ ಕಾಲೇಜು ಮಾತ್ರ ಇಂಗ್ಲಿಷ್ ಮಾಧ್ಯಮವನ್ನೇ ಆರಿಸಿಕೊಂಡಿತು.

ಹೈದರಾಬಾದ್ ಸಂಸ್ಥಾನದಲ್ಲಿ 19ನೇ ಶತಮಾನದ ಮಧ್ಯಭಾಗದಲ್ಲಿ ಒಂದನೇ ಸಾಲಾರ್ ಜಂಗರು ದಾರುಲ್ ಉಲೂಮ್ ಎಂಬ ಶಾಲೆಯನ್ನು ಸ್ಥಾಪಿಸಿದ್ದರು. 1880ರ ದಶಕದಲ್ಲಿ ಆಡಳಿತ ಭಾಷೆಯಾಗಿ ಫಾರ್ಸಿಯ ಬದಲು ಉರ್ದು ಬಂತು. 1887ರಲ್ಲಿ ನಿಜಾಮ್ ಕಾಲೇಜು ಆರಂಭವಾಯಿತು. ಸರೋಜಿನಿ ನಾಯ್ಡು ಅವರ ತಂದೆ ಅಘೋರನಾಥ ಚಟ್ಟೋಪಾಧ್ಯಾಯರ ಶ್ರಮ ಇದರ ಹಿಂದೆ ಇತ್ತು. ಆದರೆ ಈ ಕಾಲೇಜು ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಅದರ ಪಾಠ, ಪರೀಕ್ಷೆ ಎಲ್ಲವೂ ಇಂಗ್ಲಿಷಿನಲ್ಲಿ. ಹೀಗಾಗಿ ಒಂದು ವಿಚಿತ್ರ ಪರಿಸ್ಥಿತಿ ಉಂಟಾಯಿತು. ಕಚೇರಿಯ ಭಾಷೆ ಉರ್ದು, ಕಾಲೇಜಿನ ಭಾಷೆ ಇಂಗ್ಲಿಷ್, ಹಳ್ಳಿಯ ಭಾಷೆ ತೆಲುಗು, ಮರಾಠಿ ಅಥವಾ ಕನ್ನಡ. ಮೂರನ್ನೂ ದಾಟಿ ಪದವಿ ಪಡೆಯುವವರು ಬೆರಳೆಣಿಕೆಯ ಮಂದಿ ಮಾತ್ರ.

ಫರ್ಮಾನು ಮತ್ತು ಆರಂಭ

1911ರಲ್ಲಿ ಮೀರ್ ಉಸ್ಮಾನ್ ಅಲಿ ಖಾನರು ಏಳನೆಯ ನಿಜಾಮರಾಗಿ ಪಟ್ಟಕ್ಕೆ ಬಂದರು. 1917ರಲ್ಲಿ ಸಂಸ್ಥಾನದ ಗೃಹ ಇಲಾಖೆಯ ಕಾರ್ಯದರ್ಶಿಯಾಗಿದ್ದ ಅಕ್ಬರ್ ಹೈದರಿಯವರು ನಿಜಾಮರಿಗೆ ಒಂದು ಮನವಿ ಪತ್ರ ಸಲ್ಲಿಸಿದರು. ಪರಭಾಷೆಯಲ್ಲಿ ಕಲಿಯುವ ವಿದ್ಯಾರ್ಥಿಯ ಶಕ್ತಿಯೆಲ್ಲ ಭಾಷೆಯನ್ನು ಕಂಠಪಾಠ ಮಾಡುವುದರಲ್ಲೇ ಖರ್ಚಾಗುತ್ತದೆ, ವಿಷಯ ತಿಳಿಯುವುದಕ್ಕೆ ಉಳಿಯುವುದಿಲ್ಲ ಎಂಬುದು ಅದರ ಮುಖ್ಯ ವಾದ. ಆದ್ದರಿಂದ ಉರ್ದು ಬೋಧನಾ ಮಾಧ್ಯಮವಾಗಿರಬೇಕು, ಇಂಗ್ಲಿಷ್ ಎಲ್ಲರಿಗೂ ಕಡ್ಡಾಯ ವಿಷಯವಾಗಿರಬೇಕು ಎಂದು ಅವರು ಸೂಚಿಸಿದರು. ಗಮನಿಸಿ, ಇಂಗ್ಲಿಷನ್ನು ಹೊರಗಿಡಬೇಕೆಂದು ಅವರು ಹೇಳಲಿಲ್ಲ. ಅದನ್ನು ಭಾಷೆಯಾಗಿ ಕಲಿಯಿರಿ, ಗೋಡೆಯಾಗಿ ನಿಲ್ಲಿಸಬೇಡಿ ಎಂಬುದಷ್ಟೇ ಅವರ ನಿಲುವು.

1917ರ ಏಪ್ರಿಲ್ 26ರಂದು ನಿಜಾಮರ ಫರ್ಮಾನು ಹೊರಬಿತ್ತು. 1918ರಲ್ಲಿ ವಿಶ್ವವಿದ್ಯಾಲಯ ವಿಧಿವತ್ತಾಗಿ ಸ್ಥಾಪನೆಯಾಯಿತು. 1919ರ ಆಗಸ್ಟ್ 28ರಂದು ಹೈದರಾಬಾದಿನ ಗನ್‌ಫೌಂಡ್ರಿ ಪ್ರದೇಶದ ಬಾಡಿಗೆ ಕಟ್ಟಡಗಳಲ್ಲಿ ಪಾಠಗಳು ಆರಂಭವಾದವು. ಮೊದಲ ವರ್ಷ ಸೇರಿದವರು 225 ವಿದ್ಯಾರ್ಥಿಗಳು. ಅಧ್ಯಾಪಕರು 25 ಮಂದಿ. ದಕ್ಷಿಣ ಭಾರತದಲ್ಲಿ ಮದರಾಸು (1857) ಮತ್ತು ಮೈಸೂರು (1916) ವಿಶ್ವವಿದ್ಯಾಲಯಗಳ ನಂತರ ಇದು ಮೂರನೆಯದು.

ನೆರೆಹೊರೆಯ ಎರಡು ದೇಶೀ ಸಂಸ್ಥಾನಗಳು ಎರಡೇ ವರ್ಷಗಳ ಅಂತರದಲ್ಲಿ ವಿಶ್ವವಿದ್ಯಾಲಯ ಕಟ್ಟಿದ್ದು ನಮಗೆ ಹೆಮ್ಮೆಯ ವಿಷಯ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರು ಇಂಗ್ಲಿಷ್ ಮಾಧ್ಯಮವನ್ನು ಇಟ್ಟುಕೊಂಡರು. ಹೈದರಾಬಾದು ಬೇರೆ ದಾರಿ ಹಿಡಿಯಿತು. ಈ ದಾರಿಯನ್ನು ರವೀಂದ್ರನಾಥ ಠಾಕೂರರು ಪತ್ರ ಬರೆದು ಸ್ವಾಗತಿಸಿದರು. ಆಗ ಸಂಸ್ಥಾನದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದವರು ಸರ್ ಸಯ್ಯದರ ಮೊಮ್ಮಗ ರಾಸ್ ಮಸೂದ್. ಅವರು 1922ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಶಿಕ್ಷಣ ಪದ್ಧತಿಯನ್ನು ಅಭ್ಯಾಸ ಮಾಡಿ ಪುಸ್ತಕವನ್ನೇ ಬರೆದರು. ತನ್ನ ಭಾಷೆಯಲ್ಲೇ ಕಲಿತು ಯುರೋಪಿನ ಸಮಕ್ಕೆ ನಿಂತ ಏಷ್ಯಾದ ದೇಶ ಅವರ ಕಣ್ಣ ಮುಂದಿತ್ತು.

ದಾರುಲ್ ತರ್ಜುಮಾ: ಅನುವಾದದ ಕಾರ್ಖಾನೆ

ವಿದ್ಯಾರ್ಥಿ ಮಿತ್ರರೆ, ಫರ್ಮಾನು ಹೊರಡಿಸುವುದು ಸುಲಭ. ಆದರೆ ತರಗತಿಗೆ ಹೋದ ಅಧ್ಯಾಪಕ ಯಾವ ಪುಸ್ತಕ ಹಿಡಿಯಬೇಕು? ರಸಾಯನ ವಿಜ್ಞಾನಕ್ಕೆ, ಅಂಗರಚನಾ ಶಾಸ್ತ್ರಕ್ಕೆ, ಅರ್ಥಶಾಸ್ತ್ರಕ್ಕೆ ಉರ್ದುವಿನಲ್ಲಿ ಪಠ್ಯಪುಸ್ತಕಗಳೇ ಇರಲಿಲ್ಲ. ಈ ಕೊರತೆಯನ್ನು ಹೈದರಾಬಾದಿನವರು ಮೊದಲೇ ಊಹಿಸಿದ್ದರು. ತರಗತಿಗಳು ಆರಂಭವಾಗುವ ಎರಡು ವರ್ಷ ಮೊದಲೇ, 1917ರಲ್ಲಿ, ದಾರುಲ್ ತರ್ಜುಮಾ ಎಂಬ ಅನುವಾದ ಸಂಸ್ಥೆಯನ್ನು ತೆರೆದರು. ಅದರ ಮೊದಲ ಮುಖ್ಯಸ್ಥರು ಮುಂದೆ 'ಬಾಬಾ-ಎ-ಉರ್ದು' ಎಂದು ಹೆಸರಾದ ಮೌಲ್ವಿ ಅಬ್ದುಲ್ ಹಖ್.

ಇಲ್ಲಿ ಕೆಲಸ ಮಾಡಿದವರ ಹೆಸರುಗಳನ್ನು ಕೇಳಿದರೆ ಉರ್ದು ಸಾಹಿತ್ಯದ ವಿದ್ಯಾರ್ಥಿಗಳಿಗೆ ರೋಮಾಂಚನವಾಗುತ್ತದೆ. 'ಉಮ್ರಾವ್ ಜಾನ್ ಅದಾ' ಕಾದಂಬರಿಯ ಕರ್ತೃ ಮಿರ್ಜಾ ಹಾದಿ ರುಸ್ವಾ, ವಿದ್ವಾಂಸ ಅಬ್ದುಲ್ ಮಾಜಿದ್ ದರಿಯಾಬಾದಿ, ಕವಿ ನಜ್ಮ್ ತಬಾತಬಾಯಿ, ಸುಮಾರು ಹತ್ತು ವರ್ಷ ಇಲ್ಲಿದ್ದ ಜೋಶ್ ಮಲೀಹಾಬಾದಿ ಮುಂತಾದವರು ಈ ಸಂಸ್ಥೆಯಲ್ಲಿ ಸಂಬಳ ಪಡೆದು ಅನುವಾದ ಮಾಡಿದರು. ಇತಿಹಾಸ, ತತ್ವಶಾಸ್ತ್ರ, ಕಾನೂನು, ಗಣಿತ, ವೈದ್ಯಕೀಯ, ಇಂಜಿನಿಯರಿಂಗ್ ಹೀಗೆ ನೂರಾರು ಗ್ರಂಥಗಳು ಉರ್ದುವಿಗೆ ಬಂದವು. ವಿಷಯ ಬಲ್ಲವರು ಮತ್ತು ಭಾಷೆ ಬಲ್ಲವರು ಒಂದೇ ಮೇಜಿನ ಸುತ್ತ ಕುಳಿತು ಒಂದೊಂದು ಪದಕ್ಕಾಗಿ ಚರ್ಚಿಸುವ ಸಮಿತಿಗಳಿದ್ದವು.

ಪಾರಿಭಾಷಿಕ ಪದಗಳ ಪ್ರಶ್ನೆ ದೊಡ್ಡದಾಗಿತ್ತು. ಇಂಗ್ಲಿಷ್ ಪದಗಳನ್ನು ಹಾಗೆಯೇ ಇಡಬೇಕೇ, ಅರಬಿ ಮೂಲದಿಂದ ಹೊಸ ಪದ ಕಟ್ಟಬೇಕೇ, ಜನಬಳಕೆಯ ದೇಶೀ ಪದಗಳನ್ನು ಸೇರಿಸಿಕೊಳ್ಳಬೇಕೇ? ಪ್ರೊಫೆಸರ್ ವಹೀದುದ್ದೀನ್ ಸಲೀಮರು ಈ ವಿಷಯದ ಮೇಲೆಯೇ 'ವಜಾ-ಎ-ಇಸ್ತಿಲಾಹಾತ್' ಎಂಬ ಗ್ರಂಥವನ್ನು ಬರೆದರು. ಅದು 1921ರಲ್ಲಿ ಪ್ರಕಟವಾಯಿತು. ಉರ್ದು ಎಂಬುದು ಅರಬಿ, ಫಾರ್ಸಿಗಳ ನೆರಳಲ್ಲ, ಅದು ಹಿಂದೂಸ್ತಾನದ ಮಣ್ಣಿನ ಭಾಷೆ, ಆದ್ದರಿಂದ ಇಲ್ಲಿಯ ಪದ, ಪ್ರತ್ಯಯಗಳಿಗೂ ಪದರಚನೆಯಲ್ಲಿ ಸ್ಥಾನವಿರಬೇಕು ಎಂಬುದು ಅವರ ನಿಲುವು. ಆದರೂ ಒಟ್ಟಿನಲ್ಲಿ ಅರಬಿಯದೇ ಮೇಲುಗೈಯಾಯಿತು. ಭೌತವಿಜ್ಞಾನ 'ತಬೀಯಿಯಾತ್' ಆಯಿತು, ಗಣಿತ 'ರಿಯಾಜಿಯಾತ್', ಅರ್ಥಶಾಸ್ತ್ರ 'ಮುಆಶಿಯಾತ್', ಸಸ್ಯಶಾಸ್ತ್ರ 'ನಬಾತಿಯಾತ್' ಆಯಿತು. ಉರ್ದು ಶಾಲೆಗಳಲ್ಲಿ ಇಂಥ ಪದಗಳನ್ನು ನಾವು ಇಂದಿಗೂ ಬಳಸುತ್ತೇವೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಎರಡೂ ಭಾಷೆಗಳನ್ನು ಬೋಧಿಸುವ ನನ್ನಂಥ ಶಿಕ್ಷಕರಿಗೆ ಪ್ರತಿದಿನ ಕಾಣುವ ಸಂಗತಿ ಇದು. ಸಸ್ಯಗಳು ಬೆಳಕಿನಿಂದ ಆಹಾರ ತಯಾರಿಸುವ ಕ್ರಿಯೆಗೆ ಉರ್ದು ಪುಸ್ತಕದಲ್ಲಿ 'ಜಿಯಾಯಿ ತಾಲೀಫ್' ಎಂದಿದೆ. ಕನ್ನಡ ಪುಸ್ತಕದಲ್ಲಿ 'ದ್ಯುತಿಸಂಶ್ಲೇಷಣೆ' ಎಂದಿದೆ. ಎರಡೂ ಮಗುವಿನ ಮನೆಯ ಮಾತಲ್ಲ. ಒಂದು ಅರಬಿಯಿಂದ, ಇನ್ನೊಂದು ಸಂಸ್ಕೃತದಿಂದ ಬಂದದ್ದು. ಮಾತೃಭಾಷೆಯ ಪುಸ್ತಕ ಎಂದ ಮಾತ್ರಕ್ಕೆ ಅದು ಮಾತೃಭಾಷೆಯಷ್ಟು ಸುಲಭ ಎಂದಲ್ಲ. ಆದರೆ ಪದ ಕಷ್ಟವಾದರೂ ಅದರ ಸುತ್ತಲಿನ ವಾಕ್ಯ ಮಗುವಿಗೆ ಅರ್ಥವಾಗುತ್ತದೆ. ಇಂಗ್ಲಿಷ್ ಪುಸ್ತಕದಲ್ಲಿ ಪದವೂ ಕಷ್ಟ, ವಾಕ್ಯವೂ ಕಷ್ಟ. ವ್ಯತ್ಯಾಸ ಇರುವುದು ಅಲ್ಲಿ.

ಸಾಧನೆಗಳು

1920ರ ದಶಕದಲ್ಲಿ ಉಸ್ಮಾನಿಯಾ ವೈದ್ಯಕೀಯ ಕಾಲೇಜಿನಲ್ಲಿ ಉರ್ದು ಮಾಧ್ಯಮದ ಪಾಠ ನಡೆಯುತ್ತಿತ್ತು. ಮಹಿಳೆಯರಿಗಾಗಿ 1924ರಲ್ಲಿ ಪ್ರತ್ಯೇಕ ಕಾಲೇಜು ಆರಂಭವಾಯಿತು. ಅದು 1949ರಲ್ಲಿ ಕೋಟಿಯ ಹಳೆಯ ಬ್ರಿಟಿಷ್ ರೆಸಿಡೆನ್ಸಿ ಕಟ್ಟಡಕ್ಕೆ ಸ್ಥಳಾಂತರವಾಗಿ, 2022ರಲ್ಲಿ ಮಹಿಳಾ ವಿಶ್ವವಿದ್ಯಾಲಯದ ದರ್ಜೆಗೇರಿತು. 1929ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂತು. 1901ರಲ್ಲಿ ಸ್ಥಾಪನೆಯಾಗಿದ್ದ ನಿಜಾಮಿಯಾ ಖಗೋಳ ವೀಕ್ಷಣಾಲಯವನ್ನು 1919ರಲ್ಲಿ ವಿಶ್ವವಿದ್ಯಾಲಯಕ್ಕೆ ಒಪ್ಪಿಸಲಾಯಿತು. ಜಗತ್ತಿನ ಹಲವು ವೀಕ್ಷಣಾಲಯಗಳು ಸೇರಿ ಆಕಾಶದ ನಕ್ಷತ್ರಗಳ ಪಟ್ಟಿ ತಯಾರಿಸುತ್ತಿದ್ದಾಗ ಅದರಲ್ಲಿ ಒಂದು ಭಾಗದ ಹೊಣೆ ಹೊತ್ತದ್ದು ಈ ವೀಕ್ಷಣಾಲಯ. ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದ ವಿಜ್ಞಾನಿ ವೇಣು ಬಾಪ್ಪು ಅವರ ತಂದೆ ಇಲ್ಲಿಯೇ ನೌಕರಿಯಲ್ಲಿದ್ದರು. ಬಾಲಕ ಬಾಪ್ಪು ನಕ್ಷತ್ರಗಳನ್ನು ನೋಡಲು ಕಲಿತದ್ದು ಇಲ್ಲಿಯೇ.

ಇನ್ನು ವ್ಯಕ್ತಿಗಳ ಮಾತು. ಉರ್ದುವಿನಲ್ಲಿ ಗಣಿತ ಓದಿದವನು ಹೊರಗೆ ಹೋಗಿ ಏನು ಮಾಡಿಯಾನು ಎಂದು ಕೇಳುವವರಿಗೆ ರಜೀಯುದ್ದೀನ್ ಸಿದ್ದೀಖಿಯವರ ಜೀವನವೇ ಉತ್ತರ. ಉಸ್ಮಾನಿಯಾದ ಆರಂಭದ ಪದವೀಧರರಲ್ಲಿ ಒಬ್ಬರಾದ ಅವರು ಕೇಂಬ್ರಿಜ್‌ಗೆ ಹೋದರು. ನಂತರ ಜರ್ಮನಿಯಲ್ಲಿ ಪ್ರಸಿದ್ಧ ಭೌತವಿಜ್ಞಾನಿ ಹೈಸೆನ್‌ಬರ್ಗರ ಬಳಿ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು. ಮರಳಿ ಬಂದು ತಮ್ಮ ವಿಶ್ವವಿದ್ಯಾಲಯದಲ್ಲೇ ಪಾಠ ಮಾಡಿದರು. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಬಗ್ಗೆ ಉರ್ದುವಿನಲ್ಲಿ ಪುಸ್ತಕ ಬರೆದರು. ಪ್ರಖ್ಯಾತ ವಿದ್ವಾಂಸ ಡಾ. ಮುಹಮ್ಮದ್ ಹಮೀದುಲ್ಲಾ ಅವರು ಇಲ್ಲಿ ಓದಿ, ಜರ್ಮನಿಯ ಬಾನ್‌ನಲ್ಲಿ ಡಾಕ್ಟರೇಟ್ ಪಡೆದು, ಇಲ್ಲಿಯೇ ಬೋಧಿಸಿ, ನಂತರ ಪ್ಯಾರಿಸ್ಸಿನಲ್ಲಿ ನೆಲೆಸಿದರು. ರೈತ ಕಾರ್ಮಿಕರ ಕವಿ ಮಖ್ದೂಮ್ ಮೊಹಿಯುದ್ದೀನ್ ಸಹ ಇಲ್ಲಿನ ಎಂ.ಎ. ಪದವೀಧರರು. ಒಂದೇ ವಿಶ್ವವಿದ್ಯಾಲಯ ಗಣಿತಜ್ಞನನ್ನೂ ಧರ್ಮ ವಿದ್ವಾಂಸನನ್ನೂ ಕಮ್ಯುನಿಸ್ಟ್ ಕವಿಯನ್ನೂ ಕೊಟ್ಟಿತೆಂದರೆ ಅದರ ತರಗತಿಗಳಲ್ಲಿ ಕೇವಲ ಗಿಳಿಪಾಠ ನಡೆಯುತ್ತಿರಲಿಲ್ಲ ಎಂಬುದು ಸ್ಪಷ್ಟ.

ಅಡಿಕ್‌ಮೆಟ್ ಪ್ರದೇಶದ ಶಾಶ್ವತ ಆವರಣಕ್ಕೆ 1934ರಲ್ಲಿ ಅಡಿಗಲ್ಲು ಹಾಕಲಾಯಿತು. ಕಟ್ಟಡ ಹೇಗಿರಬೇಕೆಂದು ನೋಡಿಬರಲು ಜೈನ್ ಯಾರ್ ಜಂಗ್ ಮತ್ತು ಸಯ್ಯದ್ ಅಲಿ ರಜಾ ಎಂಬ ಇಬ್ಬರನ್ನು ದೇಶವಿದೇಶಗಳಿಗೆ ಕಳುಹಿಸಲಾಗಿತ್ತು. ಬೆಲ್ಜಿಯಂ ದೇಶದ ವಾಸ್ತುಶಿಲ್ಪಿ ಅರ್ನೆಸ್ಟ್ ಜಾಸ್ಪರ್ ನಕ್ಷೆ ರೂಪಿಸಿದರು. 1939ರ ಡಿಸೆಂಬರ್ 4ರಂದು ಉದ್ಘಾಟನೆಯಾದ ಕಲಾ ಕಾಲೇಜಿನ ಗುಲಾಬಿ ಬಣ್ಣದ ಗ್ರಾನೈಟ್ ಕಟ್ಟಡ ಇಂದಿಗೂ ವಿಶ್ವವಿದ್ಯಾಲಯದ ಗುರುತು. ಅಜಂತಾ, ಎಲ್ಲೋರಾಗಳ ಕಂಬಗಳ ಮಾದರಿಯೂ ಮಸೀದಿಗಳ ಕಮಾನಿನ ಮಾದರಿಯೂ ಅದರಲ್ಲಿ ಬೆರೆತಿವೆ. ಹೈದರಾಬಾದಿಗೆ ಹೋದಾಗ ಚಾರ್‌ಮಿನಾರ್ ನೋಡಿ ಬರುವ ನಮ್ಮ ಪ್ರವಾಸಿ ವಿದ್ಯಾರ್ಥಿಗಳು ಇದನ್ನೂ ತಪ್ಪದೆ ನೋಡಬೇಕು.

ಕನ್ನಡ ಜಿಲ್ಲೆಗಳ ಪಾಲು

ಈಗ ನಮ್ಮ ಮನೆಯ ಕಡೆಗೆ ಬರೋಣ. ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳು ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಈಗಿನ ಕೊಪ್ಪಳ ಮತ್ತು ಯಾದಗಿರಿ ಜಿಲ್ಲೆಗಳೂ ಆ ಮೂರರೊಳಗೇ ಸೇರಿದ್ದವು. ಇಲ್ಲಿನ ಹುಡುಗರಿಗೆ ಪದವಿ ಬೇಕೆಂದರೆ ಉಸ್ಮಾನಿಯಾವೇ ಬಾಗಿಲು. ಕಲಬುರಗಿಯಲ್ಲಿ ಇಂಟರ್‌ಮೀಡಿಯಟ್ ಕಾಲೇಜು ಬಂದರೂ ಮುಂದಿನ ಓದಿಗೆ ಹೈದರಾಬಾದಿನ ರೈಲು ಹತ್ತಲೇಬೇಕಿತ್ತು.

ಹಾಗೆ ಹೋದವರಲ್ಲಿ ಕೊಪ್ಪಳ ಸೀಮೆಯ ದ್ಯಾಂಪುರದ ಸಿದ್ದಯ್ಯ ಪುರಾಣಿಕರು ಒಬ್ಬರು. ಉಸ್ಮಾನಿಯಾದಲ್ಲಿ ಪದವಿ ಪಡೆದು ಆಡಳಿತ ಸೇವೆಗೆ ಸೇರಿದ ಅವರು 'ಕಾವ್ಯಾನಂದ' ಎಂಬ ಹೆಸರಿನಲ್ಲಿ ಕನ್ನಡದ ಪ್ರಮುಖ ಕವಿಯಾದರು. ಎರಡು ಸಲ ಕರ್ನಾಟಕದ ಮುಖ್ಯಮಂತ್ರಿಯಾದ ವೀರೇಂದ್ರ ಪಾಟೀಲರು ಮತ್ತು 2004ರಿಂದ 2006ರವರೆಗೆ ಮುಖ್ಯಮಂತ್ರಿಯಾಗಿದ್ದ ಧರಂಸಿಂಗ್ ಅವರು ಸಹ ಉಸ್ಮಾನಿಯಾದ ವಿದ್ಯಾರ್ಥಿಗಳೇ. ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವೂ ಇತ್ತು, ಅಲ್ಲಿ ಡಿ. ಕೆ. ಭೀಮಸೇನರಾಯರು ಕನ್ನಡ ಬೋಧಿಸಿದರು. ಅರ್ಜಿ, ತಾಲ್ಲೂಕು, ವಕೀಲ, ದಫ್ತರ, ಖಾತೆ ಎಂಬ ಪದಗಳನ್ನು ದಿನವೂ ಆಡುವ ನಮಗೆ ಈ ಎರಡು ಭಾಷೆಗಳ ನೆಂಟಸ್ತನವನ್ನು ಬೇರೆ ಹೇಳಬೇಕಾಗಿಲ್ಲ.

ಒಂದು ಸಣ್ಣ ಸಂಗತಿ. ಇಂದು ಅಂತರ್ಜಾಲದಲ್ಲಿ ಹಳೆಯ ಕನ್ನಡ ಪುಸ್ತಕಗಳನ್ನು ಹುಡುಕುವ ವಿದ್ಯಾರ್ಥಿಗಳಿಗೆ ಅನೇಕ ಪುಸ್ತಕಗಳ ಮೊದಲ ಪುಟದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಗ್ರಂಥಾಲಯದ ಚೀಟಿ ಕಾಣುತ್ತದೆ. ಅಲ್ಲಿನ ಕಪಾಟುಗಳಲ್ಲಿದ್ದ ಕನ್ನಡ ಗ್ರಂಥಗಳನ್ನು ಸ್ಕ್ಯಾನ್ ಮಾಡಿ ಡಿಜಿಟಲ್ ಗ್ರಂಥಾಲಯಕ್ಕೆ ಸೇರಿಸಿದ್ದರಿಂದ ಅವು ಉಳಿದಿವೆ. ಉರ್ದುವಿಗಾಗಿ ಹುಟ್ಟಿದ ವಿಶ್ವವಿದ್ಯಾಲಯ ಕನ್ನಡದ ಪುಸ್ತಕಗಳನ್ನೂ ಕಾಪಾಡಿ ನಮಗೆ ಕೊಟ್ಟಿದೆ.

ನಾಣ್ಯದ ಇನ್ನೊಂದು ಮುಖ

ಓದುಗರೆ, ಇತಿಹಾಸ ಬರೆಯುವವರು ನಮಗೆ ಹಿತವಾದದ್ದನ್ನು ಮಾತ್ರ ಹೇಳಿ ಮುಗಿಸಬಾರದು. ಉಸ್ಮಾನಿಯಾದ ಕಥೆಯಲ್ಲಿ ನಾವು ನೇರವಾಗಿ ನೋಡಬೇಕಾದ ಒಂದು ಪ್ರಶ್ನೆ ಇದೆ. ಉರ್ದು ಯಾರ ಮಾತೃಭಾಷೆಯಾಗಿತ್ತು?

ಸಂಸ್ಥಾನದ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿ ತೆಲುಗು ಆಡುವವರು, ಸುಮಾರು ಕಾಲು ಭಾಗ ಮರಾಠಿ ಆಡುವವರು. ಕನ್ನಡ ಆಡುವವರು ನೂರಕ್ಕೆ ಹನ್ನೊಂದರ ಆಸುಪಾಸು. ಉರ್ದು ಆಡುವವರೂ ನೂರಕ್ಕೆ ಹತ್ತರ ಆಸುಪಾಸು. ಪರಭಾಷೆಯ ಹೊರೆ ಮಗುವಿನ ಬುದ್ಧಿಯನ್ನು ಕುಗ್ಗಿಸುತ್ತದೆ ಎಂಬ ಅಕ್ಬರ್ ಹೈದರಿಯವರ ವಾದ ಸರಿಯಾಗಿಯೇ ಇತ್ತು. ಆದರೆ ಅದೇ ವಾದವನ್ನು ವಾರಂಗಲ್ಲಿನ ತೆಲುಗು ಹುಡುಗನೂ ಔರಂಗಾಬಾದಿನ ಮರಾಠಿ ಹುಡುಗನೂ ರಾಯಚೂರಿನ ಕನ್ನಡ ಹುಡುಗನೂ ಹೇಳಬಹುದಿತ್ತಲ್ಲವೆ? ಅವರಿಗೆ ಉರ್ದು ಕೂಡ ಕಲಿತು ದಾಟಬೇಕಾದ ಇನ್ನೊಂದು ಹೊಳೆಯೇ. ತೆಲುಗು, ಮರಾಠಿ, ಕನ್ನಡಗಳಿಗೆ ವಿಶ್ವವಿದ್ಯಾಲಯದಲ್ಲಿ ವಿಭಾಗಗಳಿದ್ದವು, ನಿಜ. ಆದರೆ ಮಾಧ್ಯಮದ ಪೀಠ ಅವುಗಳಿಗೆ ಸಿಗಲಿಲ್ಲ. 1931ರ ಹೊತ್ತಿಗೂ ಸಂಸ್ಥಾನದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಐದರ ಆಸುಪಾಸು ಮಾತ್ರ ಇದ್ದರು. ಮೇಲೆ ಭವ್ಯ ವಿಶ್ವವಿದ್ಯಾಲಯ, ಕೆಳಗೆ ಶಾಲೆಯೇ ಕಾಣದ ಹಳ್ಳಿಗಳು. ಗೋಪುರ ಎತ್ತರವಾಯಿತು, ಬುನಾದಿ ಹರಡಲಿಲ್ಲ.

1938ರಲ್ಲಿ ಈ ಅಸಮಾಧಾನ ಹೊರಬಿತ್ತು. ಹಾಸ್ಟೆಲಿನಲ್ಲಿ ವಂದೇ ಮಾತರಂ ಹಾಡಿದ ವಿದ್ಯಾರ್ಥಿಗಳ ಮೇಲೆ ವಿಶ್ವವಿದ್ಯಾಲಯ ಕ್ರಮ ಕೈಗೊಂಡಿತು. ನೂರಾರು ವಿದ್ಯಾರ್ಥಿಗಳು ಹೊರಬೀಳಬೇಕಾಯಿತು. ಅವರಲ್ಲಿ ಅನೇಕರಿಗೆ ನಾಗಪುರ ವಿಶ್ವವಿದ್ಯಾಲಯ ಆಶ್ರಯ ಕೊಟ್ಟಿತು. ಹಾಗೆ ನಾಗಪುರಕ್ಕೆ ಹೋದವರಲ್ಲಿ ಒಬ್ಬರು 1991ರಲ್ಲಿ ಭಾರತದ ಪ್ರಧಾನಿಯಾದ ಪಿ. ವಿ. ನರಸಿಂಹರಾವ್. ತನ್ನ ವಿದ್ಯಾರ್ಥಿಯನ್ನು ಕಳೆದುಕೊಳ್ಳುವ ವಿಶ್ವವಿದ್ಯಾಲಯಕ್ಕೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ. ಭಾಷೆಯ ವಿಷಯದಲ್ಲಿ ಉದಾರವಾಗಿ ಯೋಚಿಸಿದ ಸಂಸ್ಥೆಗೆ ಆ ದಿನ ವಿದ್ಯಾರ್ಥಿಗಳ ಮನಸ್ಸನ್ನು ಓದಲಾಗಲಿಲ್ಲ.

ಪ್ರಯೋಗದ ಅಂತ್ಯ

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯ ಮೂಲಕ ಹೈದರಾಬಾದ್ ಭಾರತ ಒಕ್ಕೂಟಕ್ಕೆ ಸೇರಿತು. ಅದಾದ ಮೇಲೆ ಬೋಧನಾ ಮಾಧ್ಯಮ ಇಂಗ್ಲಿಷ್ ಆಯಿತು. ದಾರುಲ್ ತರ್ಜುಮಾ ಮುಚ್ಚಿತು. ಉರ್ದುವಿನಲ್ಲಿ ಭೌತವಿಜ್ಞಾನ ಬೋಧಿಸಿದ ಅದೇ ಆವರಣದ ಪಕ್ಕದಲ್ಲೇ 1958ರಲ್ಲಿ ಇಂಗ್ಲಿಷ್ ಬೋಧನೆಗಾಗಿ ಕೇಂದ್ರೀಯ ಸಂಸ್ಥೆಯೊಂದು ಸ್ಥಾಪನೆಯಾಯಿತು.

ಇಲ್ಲಿ ನಾವು ಯೋಚಿಸಬೇಕಾದ ಸಂಗತಿ ಇದೆ. ಉರ್ದು ಹೋದ ಮೇಲೆ ಅದರ ಜಾಗಕ್ಕೆ ತೆಲುಗು ಬರಲಿಲ್ಲ, ಮರಾಠಿ ಬರಲಿಲ್ಲ, ಕನ್ನಡ ಬರಲಿಲ್ಲ, ಇಂಗ್ಲಿಷ್ ಬಂತು. ಬಹುಜನರ ಭಾಷೆಗೆ ಅನ್ಯಾಯವಾಗಿದೆ ಎಂಬ ದೂರು ನ್ಯಾಯವಾದದ್ದೇ. ಆದರೆ ಪರಿಹಾರ ಬಂದಾಗ ಆ ಬಹುಜನರ ಭಾಷೆಗಳಿಗೂ ಪಾಲು ಸಿಗಲಿಲ್ಲ. ಮೂವತ್ತು ವರ್ಷ ದುಡಿದು ತಯಾರಿಸಿದ ಪಠ್ಯಗಳ, ಪದಕೋಶಗಳ ಅನುಭವವನ್ನು ಪಕ್ಕದ ಭಾಷೆಗಳಿಗೆ ದಾಟಿಸಬಹುದಿತ್ತು. ಹಾಗಾಗಲಿಲ್ಲ. ಅನುವಾದಿತ ಗ್ರಂಥಗಳು ಕಪಾಟು ಸೇರಿದವು.

1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ನಮ್ಮ ಮೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿ, ಅಲ್ಲಿನ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದವು. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ ಹುಟ್ಟಿತು. ಮೈಸೂರಿನಲ್ಲಿ ಕುವೆಂಪು ಅವರು ಕುಲಪತಿಯಾಗಿದ್ದಾಗ (1956ರಿಂದ 1960) ಕನ್ನಡ ಮಾಧ್ಯಮಕ್ಕಾಗಿ ಶ್ರಮಿಸಿದರು. ಕನ್ನಡದಲ್ಲಿ ಉನ್ನತ ಪಠ್ಯಗಳನ್ನು ತರುವ ಕೆಲಸ ಅಲ್ಲಿ ಬೆಳೆಯಿತು. ಮೈಸೂರು ಕನ್ನಡಕ್ಕೆ ಎದುರಿಸಿದ ಪ್ರಶ್ನೆಗಳನ್ನೇ ಹೈದರಾಬಾದು ಸುಮಾರು ನಾಲ್ಕು ದಶಕ ಮೊದಲು ಉರ್ದುವಿಗೆ ಎದುರಿಸಿತ್ತು. ಉರ್ದುವಿನ ಮಟ್ಟಿಗೆ, 1998ರಲ್ಲಿ ಹೈದರಾಬಾದಿನಲ್ಲೇ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯ ಕೇಂದ್ರ ಸರ್ಕಾರದಿಂದ ಸ್ಥಾಪನೆಯಾಗಿ, ಅರ್ಧ ಶತಮಾನದ ನಂತರ ಆ ನಗರದಲ್ಲಿ ಉರ್ದು ಮತ್ತೆ ಪದವಿ ತರಗತಿಯ ಮಾಧ್ಯಮವಾಯಿತು.

ಉಸ್ಮಾನಿಯಾ ಮಾತ್ರ ಸುಮ್ಮನೆ ಕೂರಲಿಲ್ಲ. 1969ರ ಮತ್ತು 2009ರ ನಂತರದ ತೆಲಂಗಾಣ ಚಳವಳಿಗಳಲ್ಲಿ ಅದರ ವಿದ್ಯಾರ್ಥಿಗಳು ಮುಂಚೂಣಿಯಲ್ಲಿದ್ದರು. 2014ರ ಜೂನ್ 2ರಂದು ತೆಲಂಗಾಣ ರಾಜ್ಯವಾಯಿತು. 2017ರ ಏಪ್ರಿಲ್ 26ರಂದು, ಅಂದರೆ ಫರ್ಮಾನು ಹೊರಬಿದ್ದು ಸರಿಯಾಗಿ ನೂರು ವರ್ಷಕ್ಕೆ, ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಶತಮಾನೋತ್ಸವವನ್ನು ಉದ್ಘಾಟಿಸಿದರು.

ನಮಗೆ ಸಿಗುವ ಪಾಠ

ಈ ಇತಿಹಾಸದಿಂದ ನಾವು ಕಲಿಯಬೇಕಾದದ್ದು ನನ್ನ ಅಭಿಪ್ರಾಯದಲ್ಲಿ ಮೂರು ಸಂಗತಿಗಳು.

ಮೊದಲನೆಯದು, ನಮ್ಮ ಭಾಷೆಗಳಲ್ಲಿ ಉನ್ನತ ವಿಜ್ಞಾನ ಅಸಾಧ್ಯವೆಂಬ ಮಾತು ಸುಳ್ಳು. ಉರ್ದುವಿನಲ್ಲಿ ಓದಿದ ವೈದ್ಯರು ರೋಗಿಗಳನ್ನು ಗುಣಪಡಿಸಿದರು, ಇಂಜಿನಿಯರುಗಳು ಸೇತುವೆ, ರಸ್ತೆ ಕಟ್ಟಿದರು. ಉರ್ದು ಮಾಧ್ಯಮದಲ್ಲೋ ಕನ್ನಡ ಮಾಧ್ಯಮದಲ್ಲೋ ಓದುತ್ತಿರುವ ಮಕ್ಕಳು ತಲೆ ತಗ್ಗಿಸುವ ಕಾರಣವೇ ಇಲ್ಲ.

ಎರಡನೆಯದು, ಅಭಿಮಾನ ಒಂದರಿಂದಲೇ ಆ ಕೆಲಸ ಆಗಲಿಲ್ಲ. ತರಗತಿಗಿಂತ ಎರಡು ವರ್ಷ ಮೊದಲೇ ಅನುವಾದ ಸಂಸ್ಥೆ ತೆರೆದರು, ಹಣ ಕೊಟ್ಟರು, ದೇಶದ ಉತ್ತಮ ಬರಹಗಾರರನ್ನು ಕರೆಸಿದರು, ಜೊತೆಗೆ ಇಂಗ್ಲಿಷನ್ನೂ ಕಡ್ಡಾಯವಾಗಿ ಕಲಿಸಿದರು. ನಮ್ಮಲ್ಲಿ ಆಗುತ್ತಿರುವುದು ಇದಕ್ಕೆ ತದ್ವಿರುದ್ಧ. ಹತ್ತನೇ ತರಗತಿಯವರೆಗೆ ಉರ್ದು ಅಥವಾ ಕನ್ನಡದಲ್ಲಿ ಓದಿದ ಮಗುವನ್ನು ಪಿ.ಯು.ಸಿ. ವಿಜ್ಞಾನ ವಿಭಾಗಕ್ಕೆ ಕಳುಹಿಸಿ, ಒಂದೇ ರಜೆಯಲ್ಲಿ ಎಲ್ಲವನ್ನೂ ಇಂಗ್ಲಿಷಿಗೆ ಬದಲಾಯಿಸಿಕೋ ಎನ್ನುತ್ತೇವೆ. ಚೆನ್ನಾಗಿ ಅಂಕ ಪಡೆದ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಈ ಹಂತದಲ್ಲಿ ಎದೆಗುಂದಿ ಓದು ಬಿಡುವುದನ್ನು ಶಿಕ್ಷಕರಾದ ನಾವೆಲ್ಲರೂ ನೋಡಿದ್ದೇವೆ. ಅಲ್ಲಿ ಸೋತದ್ದು ಮಗುವಿನ ಬುದ್ಧಿಯಲ್ಲ. ಒಂದು ದಡದಿಂದ ಇನ್ನೊಂದು ದಡಕ್ಕೆ ನಾವು ಕಾಲುಸಂಕ ಹಾಕಿಲ್ಲ, ಅಷ್ಟೆ.

ಮೂರನೆಯದು, ನನ್ನ ಭಾಷೆಗೆ ನಾನು ಕೇಳುವ ನ್ಯಾಯವನ್ನು ನೆರೆಯವನ ಭಾಷೆಗೂ ಕೇಳಬೇಕು. ಉಸ್ಮಾನಿಯಾದ ದೊಡ್ಡ ಬಲವೂ ದೊಡ್ಡ ಕೊರತೆಯೂ ಇಲ್ಲೇ ಇದೆ. ಕರ್ನಾಟಕದಲ್ಲಿ ಹುಟ್ಟಿ ಬೆಳೆದ ನಮಗೆ ಉರ್ದು ಮನೆಯ ಭಾಷೆಯಾದರೆ ಕನ್ನಡ ಅಂಗಳದ ಭಾಷೆ. ಉರ್ದು ಶಾಲೆಯ ಮಗು ಕನ್ನಡವನ್ನು ಪರೀಕ್ಷೆಯ ಅಂಕಕ್ಕಾಗಿ ಮಾತ್ರ ಕಲಿಯಬಾರದು.

ಕೊನೆಯದಾಗಿ ಒಂದು ವಿನಂತಿ. ನಮ್ಮ ಸಂಘದ ಸದಸ್ಯರಲ್ಲಿ ಶಿಕ್ಷಕರು, ವೈದ್ಯರು, ಇಂಜಿನಿಯರುಗಳು, ವಕೀಲರು ಇದ್ದೀರಿ. ಒಂದು ಚಿಕ್ಕ ದಾರುಲ್ ತರ್ಜುಮಾವನ್ನು ನಾವೂ ನಡೆಸಬಹುದು. ಎಂಟು, ಒಂಬತ್ತು, ಹತ್ತನೇ ತರಗತಿಯ ವಿಜ್ಞಾನ ಮತ್ತು ಗಣಿತದ ಪದಗಳನ್ನು ಉರ್ದು, ಕನ್ನಡ, ಇಂಗ್ಲಿಷ್ ಮೂರು ಕಾಲಂಗಳಲ್ಲಿ ಬರೆದು, ಪ್ರತಿ ಪದಕ್ಕೂ ಸರಳವಾದ ಒಂದು ವಾಕ್ಯ ಸೇರಿಸಿ ಒಂದು ಕೈಪಿಡಿ ತಂದರೆ ಅದಕ್ಕೆ ಬೇಕಾಗುವುದು ಕೆಲವು ಭಾನುವಾರಗಳು ಮತ್ತು ಮುದ್ರಣದ ಖರ್ಚು. ವಿದ್ಯಾರ್ಥಿ ಮಿತ್ರರೆ, ಅದು ಬರುವವರೆಗೆ ಕಾಯಬೇಡಿ. ಇಂದೇ ಒಂದು ನೋಟ್ ಪುಸ್ತಕದಲ್ಲಿ ಮೂರು ಗೆರೆ ಎಳೆಯಿರಿ. ದಿನಕ್ಕೆ ಐದು ಪದ ಬರೆಯಿರಿ. ಎಸ್.ಎಸ್.ಎಲ್.ಸಿ. ಮುಗಿಯುವ ಹೊತ್ತಿಗೆ ನಿಮ್ಮ ಬಳಿ ಸಾವಿರಾರು ಪದಗಳಿರುತ್ತವೆ, ಪಿ.ಯು.ಸಿ. ತರಗತಿಯ ಮೊದಲ ದಿನ ಆ ಪುಸ್ತಕ ನಿಮ್ಮ ಚೀಲದಲ್ಲಿರಲಿ.